ಪಾರ್ಕಿನ್ಸನ್ ರೋಗಿಗಳ ಮರೆವು, ಗಮನದ ಕೊರತೆ: ಕಂಪ್ಯೂಟರ್ ತರಬೇತಿಯಿಂದ ಪ್ರಯೋಜನವಿದೆಯೇ?

ಪಾರ್ಕಿನ್ಸನ್ ಎಂದಾಕ್ಷಣ ನೆನಪಾಗುವುದು ನಡುಗುವ ಕೈ, ನಿಧಾನವಾದ ನಡಿಗೆ. 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದ ಲಂಡನ್ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಕೂಡ ರೋಗಿಯ ಬುದ್ಧಿಶಕ್ತಿಗೆ ಧಕ್ಕೆಯಿಲ್ಲ ಎಂದೇ ಬರೆದಿದ್ದರು. ಆದರೆ ಮಿದುಳಿನಲ್ಲಿ ಡೋಪಮೈನ್ ಕಡಿಮೆಯಾದಾಗ ಗಮನ, ಯೋಜನೆ, ಯೋಚನೆಯ ವೇಗವೂ ಕುಗ್ಗಬಹುದು ಎಂಬುದು ಈಗ ಗೊತ್ತಾಗಿದೆ.

ಎಲ್ಲಿ ತೊಡಕಾಗುತ್ತದೆ?

ತಿರುವನಂತಪುರದ ಚಾಲೈ ಮಾರುಕಟ್ಟೆಯಂಥ ಜನಜಂಗುಳಿಯ ಬೀದಿಯನ್ನು ಊಹಿಸಿಕೊಳ್ಳಿ. ಸಾಮಾನು ನೆನಪಿಟ್ಟುಕೊಳ್ಳಬೇಕು, ಚಿಲ್ಲರೆ ಎಣಿಸಬೇಕು, ಎದುರು ಬರುವ ಆಟೋಗೆ ದಾರಿ ಬಿಡಬೇಕು. ಹೀಗೆ ಏಕಕಾಲಕ್ಕೆ ಹಲವು ಕಡೆ ಗಮನ ಕೊಡುವುದೇ ಪಾರ್ಕಿನ್ಸನ್ ಇರುವವರಿಗೆ ಕಷ್ಟ.

ತರಬೇತಿ ಹೇಗಿರುತ್ತದೆ?

ಪರದೆಯ ಮೇಲೆ ಮೂಡುವ ಚಿತ್ರ, ಅಂಕಿಗಳನ್ನು ಗುರುತಿಸುವುದು, ಕ್ರಮ ನೆನಪಿಟ್ಟುಕೊಳ್ಳುವುದು, ನಿಯಮ ಬದಲಾದಂತೆ ಉತ್ತರ ಬದಲಿಸುವುದು ಇದರ ಮುಖ್ಯ ಅಭ್ಯಾಸಗಳು. ರೋಗಿ ಸುಧಾರಿಸಿದಂತೆ ಕಷ್ಟದ ಮಟ್ಟವೂ ಏರುತ್ತದೆ.

ಫಲ ಎಷ್ಟು?

2020ರ ಕಾಕ್ರೇನ್ ವಿಮರ್ಶೆಯು ಪಾರ್ಕಿನ್ಸನ್ ಜತೆಗೆ ಮರೆವಿನ ಸಮಸ್ಯೆಯಿದ್ದ 225 ಮಂದಿ ಪಾಲ್ಗೊಂಡ 7 ಅಧ್ಯಯನಗಳನ್ನು ಪರಿಶೀಲಿಸಿತು. ತರಬೇತಿಯ ಅವಧಿ 4ರಿಂದ 8 ವಾರ. ಒಟ್ಟಾರೆ ಗ್ರಹಣಶಕ್ತಿ ಸುಧಾರಿಸಿದ್ದಕ್ಕೆ ಖಚಿತ ಪುರಾವೆ ಸಿಗಲಿಲ್ಲ. ಅಧ್ಯಯನಗಳು ಚಿಕ್ಕವಾದ್ದರಿಂದ ಪ್ರಯೋಜನವೇ ಇಲ್ಲ ಎನ್ನುವಂತೆಯೂ ಇಲ್ಲ. ಹೀಗಾಗಿ ಇದು ಔಷಧ, ವ್ಯಾಯಾಮಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.

ಮನೆಯವರು ಗಮನಿಸಬೇಕಾದದ್ದು

* ಮಾತ್ರೆಯ ಪರಿಣಾಮ ಚೆನ್ನಾಗಿರುವ ಹೊತ್ತಿನಲ್ಲೇ ಅಭ್ಯಾಸ ಮಾಡಿಸಿ. ದಣಿದಾಗ ಒತ್ತಾಯ ಬೇಡ.
* ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಂಥ ಮಾತ್ರೆಗಳು ಮರೆವು ಹೆಚ್ಚಿಸಬಹುದು. ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.
* ಇಲ್ಲದ ವ್ಯಕ್ತಿ, ವಸ್ತು ಕಂಡಂತಾದರೆ ಅಥವಾ ದಿಢೀರ್ ಗೊಂದಲ ಉಂಟಾದರೆ ತಡಮಾಡದೆ ವೈದ್ಯರನ್ನು ಕಾಣಿ.
* ನಿದ್ರೆಯ ತೊಂದರೆ, ಖಿನ್ನತೆಯೂ ಗಮನ ಕುಗ್ಗಿಸುತ್ತವೆ. ಅವುಗಳಿಗೂ ಚಿಕಿತ್ಸೆ ಇದೆ.

ಎಲ್ಲಿಗೆ ಹೋಗಬಹುದು?

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಪಾರ್ಕಿನ್ಸನ್‌ನಂಥ ಚಲನಾ ದೋಷಗಳಿಗೆಂದೇ ಪ್ರತ್ಯೇಕ ಕೇಂದ್ರವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಚಿಕಿತ್ಸೆಯ ಜತೆಗೆ ನರಮನೋವಿಜ್ಞಾನ ತಜ್ಞರೂ ಲಭ್ಯ. ಮೊದಲು ನೆನಪು, ಗಮನದ ಪರೀಕ್ಷೆ ಮಾಡಿಸಿ, ಬಳಿಕ ಯಾವ ತರಬೇತಿ ಬೇಕೆಂದು ನಿರ್ಧರಿಸುವುದು ಸೂಕ್ತ.

ದುಬಾರಿ ಆ್ಯಪ್ ಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ದಿನದ ಯಾವ ಕೆಲಸ ಸಲೀಸಾಗಬೇಕು? ಆಟದಲ್ಲಿ ಅಂಕ ಏರಿದರೆ ಸಾಲದು. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಲು, ಅಂಗಡಿಯ ಲೆಕ್ಕ ತಾವೇ ನೋಡಿಕೊಳ್ಳಲು ಸಾಧ್ಯವಾದರೆ ಮಾತ್ರ ತರಬೇತಿ ಫಲ ಕೊಟ್ಟಂತೆ.