ಮಗುವಿಗೆ ತಿಂಗಳಿಗೆ ಎಷ್ಟು?

ಗಂಡ ಹೆಂಡತಿ ಬೇರೆಯಾದ ಮೇಲೆ ಮಗುವನ್ನು ಸಾಕಲು ತಿಂಗಳಿಗೆ ಎಷ್ಟು ಬೇಕು? ನಮ್ಮ ಕಾನೂನು ಬಹುಕಾಲ ಈ ಲೆಕ್ಕದ ಗೋಜಿಗೆ ಹೋಗಲಿಲ್ಲ. ಇದಕ್ಕಿಂತ ಹೆಚ್ಚು ಕೊಡಿಸುವಂತಿಲ್ಲ ಎಂದು ಒಂದು ಗೆರೆ ಎಳೆದು ಸುಮ್ಮನಾಗಿತ್ತು.

1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಮಿನಲ್ಲಿ ಆ ಗೆರೆ 50 ರೂಪಾಯಿ. ಕಳ್ಳತನ, ಹೊಡೆದಾಟಗಳ ವಿಚಾರಣೆಯ ಕ್ರಮ ಹೇಳುವ ಸಂಹಿತೆಯಲ್ಲಿ ಜೀವನಾಂಶ ಸೇರಿದ್ದಕ್ಕೆ ಕಾರಣವಿದೆ. ಕೈಬಿಟ್ಟ ಹೆಂಡತಿ ಮಕ್ಕಳು ಬೀದಿಪಾಲಾಗದಂತೆ ನೋಡಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಮದುವೆಯಾಚೆ ಹುಟ್ಟಿದ ಮಗುವಿಗೂ ಅಲ್ಲಿ ಹಕ್ಕಿತ್ತು. ಆದರೆ ಆ ಮಗು ತಂದೆಯ ಅಂತಸ್ತಿಗೆ ತಕ್ಕಂತೆ ಬೆಳೆಯಬೇಕೆಂಬ ಯೋಚನೆ ಇರಲಿಲ್ಲ.

ಗೆರೆ 1923ರಲ್ಲಿ 100 ರೂಪಾಯಿಗೂ 1955ರಲ್ಲಿ 500 ರೂಪಾಯಿಗೂ ಏರಿತು. 1973ರ ಹೊಸ ಸಂಹಿತೆ 125ನೇ ಕಲಮಿನಲ್ಲಿ ಅದೇ 500ನ್ನು ಉಳಿಸಿಕೊಂಡಿತು, ಅದೂ 'ಒಟ್ಟು' 500. ತಾಯಿಗೂ ಮಕ್ಕಳಿಗೂ ಸೇರಿ ಒಟ್ಟೇ, ಒಬ್ಬೊಬ್ಬರಿಗೆ ಒಟ್ಟೇ?

1978ರಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂತು. ತಾಯಿ ಮಕ್ಕಳಿಗೆ ಸೇರಿ 1,000 ರೂಪಾಯಿ ಕೊಡಬೇಕೆಂಬ ಆದೇಶವನ್ನು ಸೇನೆಯ ಕ್ಯಾಪ್ಟನ್ ಒಬ್ಬರು ಪ್ರಶ್ನಿಸಿದ್ದರು. 'ಒಟ್ಟು' ಎಂದರೆ ಒಬ್ಬರ ಊಟ, ಬಟ್ಟೆ, ಮನೆ ಇತ್ಯಾದಿ ಎಲ್ಲ ಬಾಬತ್ತು ಸೇರಿಸಿ. ಇಡೀ ಸಂಸಾರಕ್ಕೆ ಸೇರಿಸಿ ಅಲ್ಲ ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅರ್ಥೈಸಿದರು. ಒಂದು ಪದದ ಅರ್ಥದಿಂದ ಪ್ರತಿ ಮಗುವಿಗೂ ಬೇರೆ ಪಾಲು ಸಿಕ್ಕಿತು.

ಕೇಂದ್ರದ ಕಾನೂನಿನಿಂದ ಗೆರೆ ಅಳಿಸಿಹೋದದ್ದು 2001ರ ತಿದ್ದುಪಡಿಯಲ್ಲಿ. 1955ರ 500 ರೂಪಾಯಿ ಅಷ್ಟರಲ್ಲಿ ಎಷ್ಟು ಸವೆದಿತ್ತೆಂದು ಸಂತೆಗೆ ಹೋದವರಿಗೆಲ್ಲ ಗೊತ್ತು.

ಗೆರೆ ಹೋದ ಮೇಲೆ ನಿಜವಾದ ಲೆಕ್ಕ ಶುರುವಾಯಿತು. ಬ್ರಿಟನ್ 1991ರ ಕಾನೂನಿನಲ್ಲಿ ಇದಕ್ಕೊಂದು ಸೂತ್ರವನ್ನೇ ಮಾಡಿಕೊಂಡಿತು. ನಮ್ಮಲ್ಲಿ ಅಂಥ ಸೂತ್ರವಿಲ್ಲ, ನ್ಯಾಯಾಧೀಶರ ವಿವೇಚನೆಯಿದೆ. ಹಾಗಾಗಿ ತಂದೆ ಆದಾಯ ಮುಚ್ಚಿಟ್ಟರೆ ಮಗುವಿನ ಪಾಲೂ ಕುಗ್ಗುತ್ತದೆ. 2020ರಲ್ಲಿ, ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ, ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂದು ಸುಪ್ರೀಂ ಕೋರ್ಟ್ ವಿಧಿಸಿತು. ಮಗುವಿನ ಖರ್ಚಿನಲ್ಲಿ ಊಟ, ಬಟ್ಟೆ, ವಸತಿ, ಔಷಧಿ, ಓದು ಎಲ್ಲವೂ ಸೇರಬೇಕು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕು ಎಂದಿತು.

2024ರ ಜುಲೈ 1ರಿಂದ ಈ ಹಕ್ಕು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ಮೊತ್ತಕ್ಕೆ ಈಗ ಮಿತಿಯಿಲ್ಲ. ಆದರೆ ತಂದೆಯ ಸಂಬಳದ ಚೀಟಿ ಹುಡುಕಿಕೊಂಡು ಕೋರ್ಟಿಗೆ ಅಲೆಯುವ ಕೆಲಸ ಇಂದಿಗೂ ಹೆಚ್ಚಾಗಿ ತಾಯಿಯದೇ.