ಕಂಡದ್ದು ಒಂದು, ರೆಕಾರ್ಡಿನಲ್ಲಿ ಬರೆದದ್ದು ಇನ್ನೊಂದು

ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಟೀ ಅಂಗಡಿಯ ಮುಂದೆ ನಿಂತರೆ ಕರೆಂಟಿನ ಮಾತು ಬಂದೇ ಬರುತ್ತದೆ. ಕರೆಂಟಿನ ಚರಿತ್ರೆ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಶಿವನಸಮುದ್ರ. ನಂಜನಗೂಡು ದಾಟಿದ ಕಪಿಲೆ ತಿ.ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಆ ನೀರೇ ಮುಂದೆ ಹರಿದು ಶಿವನಸಮುದ್ರದಲ್ಲಿ ಧುಮುಕುತ್ತದೆ. 1902ರಲ್ಲಿ ಅಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಇದು ದೊಡ್ಡ ಕರೆಂಟಿನ ಕಥೆ, ಎಲ್ಲರಿಗೂ ಗೊತ್ತಿರುವುದು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಬೇಕಾದ ಚಿಕ್ಕ ಕರೆಂಟಿನ ಕಥೆಯೂ ಒಂದಿದೆ. ಅದನ್ನು ಹೇಳೋಣ ಅಂತ ಹೊರಟಿದ್ದೇವೆ.

ನಮ್ಮ ಗುಂಪಿನಲ್ಲಿ ವಿಜ್ಞಾನ ಓದಿ ಆಮೇಲೆ ಪತ್ರಿಕೋದ್ಯಮಕ್ಕೆ ಬಂದವರಿದ್ದೇವೆ. ಸೂಕ್ಷ್ಮದರ್ಶಕ ಎಂದರೆ ಈರುಳ್ಳಿ ಸಿಪ್ಪೆ ನೋಡುವ ಉಪಕರಣ ಅಂದುಕೊಂಡಿದ್ದವರು ನಾವು. ಕಾಂತತ್ವದ ಪ್ರಯೋಗಕ್ಕೂ ಅದು ಬೇಕು ಎಂದಾಗ ಆಶ್ಚರ್ಯವಾಗಿತ್ತು. ಪ್ರಯೋಗದ ಹೆಸರು ಕ್ವಿಂಕೆ ವಿಧಾನ. U ಆಕಾರದ ಗಾಜಿನ ನಳಿಕೆಯಲ್ಲಿ ಫೆರಿಕ್ ಕ್ಲೋರೈಡ್ ದ್ರಾವಣ ತುಂಬುತ್ತಾರೆ. ಅದರ ಸಣ್ಣ ತೋಳು ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ ಇರುತ್ತದೆ. ಕರೆಂಟ್ ಹಾಯಿಸಿದರೆ ಆ ತೋಳಿನಲ್ಲಿ ದ್ರಾವಣ ಮೇಲೇರುತ್ತದೆ. ಎಷ್ಟು? ಒಂದೆರಡು ಮಿಲಿಮೀಟರ್, ಕೆಲವೊಮ್ಮೆ ಅದಕ್ಕೂ ಕಡಿಮೆ. ಸ್ಕೇಲು ಹಿಡಿದು ಅಳೆಯಲು ಆಗದ ಏರಿಕೆ ಅದು. ಅದಕ್ಕೇ ಟ್ರಾವೆಲಿಂಗ್ ಮೈಕ್ರೋಸ್ಕೋಪ್ ಬೇಕು. ಮೇಲೆ ಕೆಳಗೆ, ಅಕ್ಕಪಕ್ಕ ಸರಿಯುವ ಈ ಸೂಕ್ಷ್ಮದರ್ಶಕ ಒಂದು ಮಿಲಿಮೀಟರಿನ ನೂರನೇ ಒಂದು ಪಾಲನ್ನೂ ಅಳೆಯುತ್ತದೆ.

ನಾವು ಓದಿದ ಕಡೆ ಅಂಥದ್ದು ಒಂದೇ ಇತ್ತು, ನಾವು ಇಪ್ಪತ್ತು ಜನ. ಮೊದಲ ಬ್ಯಾಚಿನವರು ನೋಡಿದರು, ಉಳಿದವರು ಅವರ ರೀಡಿಂಗ್ ಇಳಿಸಿಕೊಂಡೆವು. ಲೆಕ್ಕ ಪುಸ್ತಕದ ಉತ್ತರಕ್ಕೆ ಹತ್ತಿರ ಬರಲಿಲ್ಲ. ಆಗ ಎರಡು ರೀಡಿಂಗನ್ನು ತಿದ್ದಿದೆವು. ರೆಕಾರ್ಡಿಗೆ ಪೂರ್ತಿ ಅಂಕ ಬಂತು.

ಆಮೇಲೆ ಇದೇ ವಿಷಯದ ಚರಿತ್ರೆ ಓದುತ್ತಾ ಹೋದಾಗ, ತಿದ್ದುವ ಈ ಆಸೆ ಬಹಳ ದೊಡ್ಡವರನ್ನೂ ಕಾಡಿತ್ತು ಎಂದು ತಿಳಿಯಿತು.

1909ರ ಹೊತ್ತಿಗೆ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಮಿಲಿಕನ್ ಒಂದು ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆಯಲು ಹೊರಟಿದ್ದರು. ಮೊದಲು ನೀರಿನ ಹನಿ ಬಳಸಿದರು, ಅದು ಬೇಗ ಆವಿಯಾಗುತ್ತಿತ್ತು. ಅವರ ವಿದ್ಯಾರ್ಥಿ ಹಾರ್ವೆ ಫ್ಲೆಚರ್ ಔಷಧಿ ಅಂಗಡಿಯಿಂದ ಸೆಂಟು ಚಿಮುಕಿಸುವಂಥ ಸ್ಪ್ರೇ ತಂದು, ಗಡಿಯಾರಕ್ಕೆ ಹಾಕುವ ಎಣ್ಣೆಯನ್ನು ಅದರಲ್ಲಿ ಸಿಂಪಡಿಸಿದರು. ಎರಡು ಲೋಹದ ತಟ್ಟೆಗಳ ನಡುವೆ ಎಣ್ಣೆಯ ಹನಿ ನಕ್ಷತ್ರದಂತೆ ಮಿನುಗುತ್ತಿತ್ತು. ತಟ್ಟೆಗಳಿಗೆ ವಿದ್ಯುತ್ ಕೊಟ್ಟರೆ ಬೀಳುತ್ತಿದ್ದ ಹನಿ ಮೇಲೇರುತ್ತಿತ್ತು. ಬೀಳುವ ವೇಗ, ಏರುವ ವೇಗ ಎರಡೂ ಗೊತ್ತಾದರೆ ಹನಿಯ ಮೇಲಿನ ವಿದ್ಯುದಂಶ ಸಿಗುತ್ತದೆ. ಮಿಲಿಕನ್ ಬಳಸಿದ್ದು ಹತ್ತಿರದ ವಸ್ತು ನೋಡುವ ಪುಟ್ಟ ದೂರದರ್ಶಕ. ಇದೇ ಪ್ರಯೋಗ ವಿದ್ಯಾರ್ಥಿಗಳ ಲ್ಯಾಬಿಗೆ ಬಂದಾಗ ಆ ಜಾಗದಲ್ಲಿ ಸೂಕ್ಷ್ಮದರ್ಶಕ ಕೂತಿತು.

ಒಂದು ಆಂಪಿಯರ್ ಕರೆಂಟ್ ಎಂದರೆ ಸೆಕೆಂಡಿಗೆ ಹರಿಯುವ ಎಲೆಕ್ಟ್ರಾನುಗಳ ಸಂಖ್ಯೆ 6ರ ಮುಂದೆ 18 ಸೊನ್ನೆ. ಅಂಥದ್ದರಲ್ಲಿ ಒಂದೊಂದನ್ನೇ ಎಣಿಸಲು ಸಾಧ್ಯವಾದದ್ದು ಹೀಗೆ ಕಣ್ಣಿಟ್ಟು ಕಾದದ್ದರಿಂದ. 1923ರಲ್ಲಿ ಮಿಲಿಕನ್‌ಗೆ ನೊಬೆಲ್ ಬಂತು.

ಎಣ್ಣೆ ಸಿಂಪಡಿಸಿದ ಫ್ಲೆಚರ್ ಏನಾದರು? ಆ ಮುಖ್ಯ ಲೇಖನದಲ್ಲಿ ಲೇಖಕರಾಗಿ ಮಿಲಿಕನ್ ಹೆಸರೊಂದೇ ಇದೆ. ಅದು ತಮ್ಮೊಬ್ಬರ ಹೆಸರಿನಲ್ಲೇ ಬರಬೇಕು, ಬೇರೊಂದು ಲೇಖನ ನಿಮ್ಮ ಹೆಸರಿನಲ್ಲಿ ಬರಲಿ ಎಂದು ಮಿಲಿಕನ್ ಹೇಳಿದ್ದರಂತೆ. ಫ್ಲೆಚರ್ ಒಪ್ಪಿಕೊಂಡರು. ಇದನ್ನು ಬರೆದಿಟ್ಟು, ತಾವು ಸತ್ತ ಮೇಲೆ ಪ್ರಕಟಿಸಿ ಎಂದರು. ಅದು ಅಚ್ಚಾದದ್ದು 1982ರಲ್ಲಿ.

ಇನ್ನೂ ಒಂದು ಮಾತಿದೆ. 1913ರ ಲೇಖನದಲ್ಲಿ ಮಿಲಿಕನ್ 58 ಹನಿಗಳ ಲೆಕ್ಕ ಕೊಟ್ಟು, ಇವು ಆರಿಸಿದವಲ್ಲ, ಸತತ 60 ದಿನಗಳಲ್ಲಿ ನೋಡಿದ ಎಲ್ಲ ಹನಿಗಳು ಎಂದು ಬರೆದರು. 1970ರ ದಶಕದಲ್ಲಿ ಚರಿತ್ರಕಾರ ಜೆರಾಲ್ಡ್ ಹೋಲ್ಟನ್ ಅವರ ನೋಟ್‌ಬುಕ್ ತೆರೆದು ನೋಡಿದರೆ ಅದರಲ್ಲಿ ಇನ್ನೂ ಬಹಳ ಹನಿಗಳಿದ್ದವು. ಅರ್ಧಕ್ಕೇ ನಿಂತ ಪ್ರಯೋಗ, ಉಪಕರಣ ಸರಿಯಿಲ್ಲದ ದಿನ ಎಂದು ಬಿಟ್ಟದ್ದಕ್ಕೆ ಕಾರಣಗಳಿರಬಹುದು. ಬಿಟ್ಟ ಹನಿಗಳನ್ನು ಸೇರಿಸಿದರೂ ಉತ್ತರ ಹೆಚ್ಚು ಬದಲಾಗುವುದಿಲ್ಲ ಎಂದು ಲೆಕ್ಕ ಹಾಕಿದವರಿದ್ದಾರೆ. ಆದರೆ ‘ಎಲ್ಲ ಹನಿಗಳು’ ಎಂಬ ಮಾತು ನಿಜವಲ್ಲ. ವರದಿ ಬರೆಯುವ ನಮಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಅವರ ಉತ್ತರ ಸುಮಾರು 0.6 ಶೇಕಡಾ ಕಡಿಮೆ ಇತ್ತು, ಗಾಳಿಯ ಸ್ನಿಗ್ಧತೆಯ ಅಂಕಿ ತಪ್ಪಿದ್ದರಿಂದ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1974ರ ಭಾಷಣವೊಂದರಲ್ಲಿ ಇದನ್ನು ನೆನೆಸಿದರು. ಆಮೇಲೆ ಅಳೆದವರ ಉತ್ತರ ಒಂದೇ ಸಲಕ್ಕೆ ಸರಿಯಾಗಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಮೇಲೇರಿತು. ಮಿಲಿಕನ್ ಉತ್ತರಕ್ಕಿಂತ ಬಹಳ ದೂರ ಬಂದರೆ ಎಲ್ಲೋ ತಪ್ಪಾಗಿದೆ ಎಂದು ಹುಡುಕಿದರು, ಹತ್ತಿರ ಬಂದರೆ ಹುಡುಕಲಿಲ್ಲ ಎಂಬುದು ಅವರ ವಿವರಣೆ. ಇಪ್ಪತ್ತು ಜನ ಒಂದೇ ರೀಡಿಂಗ್ ಬರೆದುಕೊಂಡ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಹಾಗಂತ ಮಿಲಿಕನ್ ಅಳತೆಗೆ ಬೆನ್ನು ತಿರುಗಿಸಿದವರಲ್ಲ. ಅವರು ನಮ್ಮ ಬೆಂಗಳೂರಿಗೂ ಬಂದಿದ್ದರು. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಬೆಳಕಿನಂಥವು, ಅವಕ್ಕೆ ವಿದ್ಯುದಂಶ ಇಲ್ಲ ಎಂದು ಅವರು ಬಹಳ ಕಾಲ ವಾದಿಸಿದ್ದರು. ವಿದ್ಯುದಂಶ ಇದ್ದರೆ ಭೂಮಿಯ ಕಾಂತಶಕ್ತಿ ಅವನ್ನು ಬಾಗಿಸಬೇಕು, ಕಾಂತೀಯ ಸಮಭಾಜಕದ ಹತ್ತಿರ ಅವು ಕಡಿಮೆ ಬೀಳಬೇಕು. ಹಾಗೇ ಆಗುತ್ತಿದೆ ಎಂದು ಆರ್ಥರ್ ಕಾಂಪ್ಟನ್ ಅವರ ಅಳತೆಗಳು 1930ರ ದಶಕದ ಆರಂಭದಲ್ಲಿ ತೋರಿಸಿದವು. ಮಿಲಿಕನ್ ನಿಧಾನವಾಗಿ ಒಪ್ಪಿಕೊಂಡರು. 1939–40ರ ಚಳಿಗಾಲದಲ್ಲಿ ನೆಹರ್ ಮತ್ತು ಪಿಕರಿಂಗ್ ಎಂಬ ಸಹೋದ್ಯೋಗಿಗಳ ಜೊತೆ ಭಾರತಕ್ಕೆ ಬಂದು, ಆಗ್ರಾ, ಪೇಶಾವರದಂತೆ ಬೆಂಗಳೂರಿನಲ್ಲೂ ಉಪಕರಣ ಕಟ್ಟಿದ ಬಲೂನು ಹಾರಿಸಿದರು. ಬೆಂಗಳೂರು ಕಾಂತೀಯ ಸಮಭಾಜಕಕ್ಕೆ ಬಹಳ ಹತ್ತಿರ. ಯುದ್ಧದಿಂದಾಗಿ ಕೇಂಬ್ರಿಡ್ಜಿಗೆ ಮರಳಲಾಗದೆ ಹೋಮಿ ಭಾಭಾ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಕೆಲಸಕ್ಕೆ ತೊಡಗಿದ್ದು ಸಹ ಅದೇ ಕಾಲದಲ್ಲಿ.

2019ರ ಮೇ 20ರಿಂದ ಎಲೆಕ್ಟ್ರಾನಿನ ವಿದ್ಯುದಂಶ ನಿಗದಿಯಾದ ಅಂಕಿ. ಯಾವ ಲ್ಯಾಬಿನಲ್ಲಿ ಅಳೆದರೂ ಅದು ಬದಲಾಗುವುದಿಲ್ಲ. ಹಾಗಾದರೆ ಹುಡುಗರು ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವುದೇಕೆ? ಉತ್ತರ ಗೊತ್ತಿದ್ದೂ ತನಗೆ ಕಂಡದ್ದನ್ನೇ ಬರೆಯುವ ಅಭ್ಯಾಸಕ್ಕೆ ಎಂದು ನಮಗೆ ಅನ್ನಿಸುತ್ತದೆ. ಆ ಅಭ್ಯಾಸಕ್ಕೆ ಎರಡು ಬೇಕು. ಎಲ್ಲರಿಗೂ ನೋಡಲು ಸಿಗುವಷ್ಟು ಉಪಕರಣ. ತಪ್ಪು ಉತ್ತರವನ್ನೂ ಕಾರಣ ಸಮೇತ ಬರೆದರೆ ಅಂಕ ಕೊಡುವ ಮೇಷ್ಟ್ರು. ತಾಂಡ್ಯದ ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸುವ ಕೆಲಸಕ್ಕೆ ಸೇರುವ ಹುಡುಗನಿಗೆ ನಾಳೆ ಬೇಕಾಗುವುದೂ ಇದೇ ಗುಣ. ಕೆಟ್ಟ ಮಾಲನ್ನು ಸರಿ ಇದೆ ಎಂದು ಬರೆದುಕೊಟ್ಟರೆ ತೊಂದರೆ ಆಗುವುದು ಅದನ್ನು ಕೊಳ್ಳುವವರಿಗೆ.

ನಮ್ಮ ಹಳೆಯ ಲ್ಯಾಬ್ ರೆಕಾರ್ಡ್ ಇನ್ನೂ ಮನೆಯ ಅಟ್ಟದಲ್ಲಿದೆ. ಮೊನ್ನೆ ತೆಗೆದು ನೋಡಿದೆವು. ಟೇಬಲ್ಲಿನಲ್ಲಿ ಆರು ರೀಡಿಂಗ್ ಇವೆ, ಎಲ್ಲವೂ ನೀಟಾಗಿವೆ. ಅವುಗಳಲ್ಲಿ ನಾವು ತಿದ್ದಿದ ಎರಡು ಯಾವುವು ಎಂದು ಈಗ ನಮಗೇ ಗೊತ್ತಾಗುತ್ತಿಲ್ಲ.