ಕತ್ತಿ ಕೆಳಗಿಟ್ಟ ಮೇಲೆ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಸರ್ಜನರೇ. ಹಾಗಾಗಿ ಅದು ಕತ್ತಿಯ ಚರಿತ್ರೆಯಾಗಿ ಉಳಿದುಬಿಟ್ಟಿದೆ. ಯಾರು ಎಷ್ಟು ಆಳಕ್ಕೆ ಕೊಯ್ದರು, ಯಾರು ಮೊದಲು ಕೊಯ್ದರು ಎಂಬುದೆಲ್ಲ ಅದರಲ್ಲಿ ವಿವರವಾಗಿ ಸಿಗುತ್ತದೆ. ಕತ್ತಿ ಕೆಳಗಿಟ್ಟ ಮೇಲೆ ಆ ಗಾಯವನ್ನು ಯಾರು ತೊಳೆದರು, ಯಾವ ಬಟ್ಟೆ ಕಟ್ಟಿದರು, ಆ ಹೆಂಗಸು ಮತ್ತೆ ಯಾವಾಗ ತನ್ನ ಕೈಯಿಂದ ತಲೆ ಬಾಚಿಕೊಂಡಳು ಎಂಬುದನ್ನು ಹುಡುಕಹೊರಟರೆ ಪುಟಗಳು ತೆಳ್ಳಗಾಗುತ್ತವೆ. ಅವಳು ಬದುಕಿದ್ದು, ಬದುಕಿ ಮನೆಯೊಳಗೆ ಓಡಾಡಿದ್ದು ಎಷ್ಟೋ ಸಲ ಈ ಎರಡನೆಯ ಚರಿತ್ರೆಯ ದೆಸೆಯಿಂದ.

ನಮ್ಮವರಿಗೆ ಅಲ್‌ಝಹ್ರಾವಿಯ ಹೆಸರು ಗೊತ್ತು. ಸ್ಪೇನಿನ ಕೊರ್ಡೋಬಾದ ಬಳಿ ಹತ್ತನೇ ಶತಮಾನದಲ್ಲಿ ಬಾಳಿದ ಈ ವೈದ್ಯ 30 ಭಾಗಗಳ ‘ಕಿತಾಬುತ್ತಸ್ರೀಫ್’ ಬರೆದ. ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ನಮ್ಮ ಭಾಷಣಕಾರರು ಅವನ ಉಪಕರಣಗಳ ಚಿತ್ರಗಳನ್ನು ಹೊಗಳಿ ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಕ್ಯಾನ್ಸರಿನ ಬಗ್ಗೆ ಅವನು ಆಡಿದ ಪ್ರಾಮಾಣಿಕ ಮಾತು. ಗಡ್ಡೆ ಸಣ್ಣದಿದ್ದು, ಸ್ತನದಂತೆ ಪೂರ್ತಿ ಕಿತ್ತು ತೆಗೆಯಬಹುದಾದ ಜಾಗದಲ್ಲಿದ್ದರೆ ಕೈಹಾಕಬಹುದು, ಹಳೆಯದಾಗಿ ಬೆಳೆದುಬಿಟ್ಟಿದ್ದರೆ ಅದರ ಹತ್ತಿರ ಹೋಗಬೇಡಿ ಎನ್ನುತ್ತಾನೆ. ಅಂಥದ್ದನ್ನು ತಾನು ವಾಸಿ ಮಾಡಿದ್ದಿಲ್ಲ, ತನಗಿಂತ ಹಿಂದಿನವರು ಮಾಡಿದ್ದನ್ನೂ ಕಂಡಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಗಡ್ಡೆಯನ್ನು ಕೊಕ್ಕೆಗಳಿಂದ ಎತ್ತಿ ಸುತ್ತಲಿನ ಚರ್ಮದ ಸಮೇತ ಕೊಯ್ಯಬೇಕು. ರಕ್ತವನ್ನು ತಕ್ಷಣ ತಡೆಯದೆ ಹರಿಯಲು ಬಿಟ್ಟು, ಅಂಚುಗಳನ್ನು ಹಿಂಡಿ, ಆಮೇಲೆ ಗಾಯಕ್ಕೆ ಮದ್ದು ಮಾಡಬೇಕು. ರಕ್ತನಾಳ ಚಿಮ್ಮಿದರೆ ಕಾದ ಕಬ್ಬಿಣದಿಂದ ಸುಡಬೇಕು. ಹನ್ನೆರಡನೇ ಶತಮಾನದಲ್ಲಿ ಕ್ರೆಮೋನಾದ ಗೆರಾರ್ಡ್ ಈ ಭಾಗವನ್ನು ಲ್ಯಾಟಿನ್ನಿಗೆ ತಂದ. ಮುಂದೆ ಶತಮಾನಗಳ ಕಾಲ ಯುರೋಪ್ ಅದನ್ನು ಓದಿತು.

ಸುಡುವುದು ಝಹ್ರಾವಿಯಿಂದ ಶುರುವಾದದ್ದಲ್ಲ. ಅವನಿಗಿಂತ ಬಹಳ ಹಿಂದೆಯೇ ಅಲೆಕ್ಸಾಂಡ್ರಿಯಾದ ಲಿಯೋನಿಡಿಸ್ ಸ್ವಲ್ಪ ಕೊಯ್ದು ಸ್ವಲ್ಪ ಸುಟ್ಟು, ಮತ್ತೆ ಕೊಯ್ದು ಮತ್ತೆ ಸುಡುವ ಕ್ರಮವನ್ನು ಹೇಳಿದ್ದ. ರಕ್ತ ನಿಲ್ಲಿಸಲು ಹೆಚ್ಚು ದಾರಿಗಳಿಲ್ಲದ ಕಾಲ ಅದು. ಬೂದಿಗೆ ರಕ್ತ ನಿಲ್ಲುತ್ತದೆಂಬ ತಿಳಿವಳಿಕೆ ಅರಬರಿಗೂ ಇತ್ತು. ಉಹುದ್ ಯುದ್ಧದಲ್ಲಿ ಪ್ರವಾದಿಯವರ (ಸ) ಮುಖದ ಗಾಯದಿಂದ ರಕ್ತ ನಿಲ್ಲದಿದ್ದಾಗ ಮಗಳು ಫಾತಿಮಾ ಚಾಪೆಯ ತುಂಡು ಸುಟ್ಟು ಅದರ ಬೂದಿಯನ್ನು ಗಾಯಕ್ಕೆ ಒತ್ತಿದ್ದನ್ನು ಹದೀಸ್ ಗ್ರಂಥಗಳು ದಾಖಲಿಸಿವೆ. ಗಾಯ ತೊಳೆದು ಕಟ್ಟಿದ ಹೆಣ್ಣಿನ ಹೆಸರು ಉಳಿದುಕೊಂಡ ಅಪರೂಪದ ಪ್ರಸಂಗವಿದು.

ನೋವಿನ ಮಾತಿಗೆ ಬರೋಣ. ಜಪಾನಿನ ಹನಾವೋಕಾ ಸೈಶು 1804ರಲ್ಲಿ 60 ವರ್ಷದ ಹೆಂಗಸೊಬ್ಬರಿಗೆ ಮದ್ದು ಕುಡಿಸಿ, ಪ್ರಜ್ಞೆ ತಪ್ಪಿಸಿ ಸ್ತನದ ಗಡ್ಡೆ ತೆಗೆದ. ಆ ಮದ್ದಿನ ಮುಖ್ಯ ವಸ್ತು ನಮ್ಮ ಹಿತ್ತಲಿನಲ್ಲೂ ಬೆಳೆಯುವ ದತ್ತೂರದ ಜಾತಿಯ ಗಿಡ. ಅವನ ಮದ್ದಿನ ಪ್ರಯೋಗಕ್ಕೆ ಒಡ್ಡಿಕೊಂಡು ಹೆಂಡತಿ ಕಣ್ಣು ಕಳೆದುಕೊಂಡಳೆಂದು ಹೇಳುತ್ತಾರೆ. ಆಗ ಜಪಾನ್ ಹೊರಗಿನವರಿಗೆ ಬಾಗಿಲು ಮುಚ್ಚಿದ್ದರಿಂದ ಈ ವಿದ್ಯೆ ಯುರೋಪಿಗೆ ತಿಳಿಯಲಿಲ್ಲ. ಏಳು ವರ್ಷಗಳ ಬಳಿಕ, 1811ರ ಸೆಪ್ಟೆಂಬರ್ 30ರಂದು, ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿ ಪ್ಯಾರಿಸ್ಸಿನ ತನ್ನ ಮನೆಯಲ್ಲೇ ಪೂರ್ಣ ಎಚ್ಚರದಲ್ಲಿ ಮಲಗಬೇಕಾಯಿತು. ಕೊಯ್ದವನು ನೆಪೋಲಿಯನ್ನನ ಸೇನೆಯ ಹೆಸರಾಂತ ಸರ್ಜನ್ ಲಾರೆ. ಅವಳಿಗೆ ಸಿಕ್ಕಿದ್ದು ಕುಡಿಯಲು ಒಂದಿಷ್ಟು ಪಾನೀಯ, ಮುಖದ ಮೇಲೊಂದು ತೆಳುವಾದ ಬಟ್ಟೆ, ಅಷ್ಟೆ. ಆ ಬಟ್ಟೆಯ ಮೂಲಕವೇ ಉಕ್ಕಿನ ಹೊಳಪು ಕಾಣುತ್ತಿತ್ತಂತೆ.

ಅಕ್ಕನಿಗೆ ಅವಳು ಬರೆದ ದೀರ್ಘ ಪತ್ರವನ್ನು ಓದಿದವರೆಲ್ಲ ಆ ಇಪ್ಪತ್ತು ನಿಮಿಷದ ನೋವನ್ನೇ ಹೇಳುತ್ತಾರೆ. ನನಗೆ ಮರೆಯಲಾಗದ್ದು ಅದಕ್ಕೂ ಮೊದಲಿನ ವಿವರ. ವೈದ್ಯರು ಬರುವ ಮುನ್ನ ಕೋಣೆಯಲ್ಲಿ ರಾಶಿ ಹಾಕಿದ್ದ ಪಟ್ಟಿಗಳು, ಒತ್ತುಬಟ್ಟೆಗಳು, ಸ್ಪಂಜು ಮತ್ತು ನೂಲೆಳೆಗಳನ್ನು ಕಂಡೇ ಅವಳ ಹೊಟ್ಟೆ ತೊಳಸಿತು. ಆ ಕಾಲದಲ್ಲಿ ಹೆಂಗಸರು ಮನೆಗಳಲ್ಲಿ ಕೂತು ಹಳೆಯ ಲಿನನ್ ಬಟ್ಟೆಯ ಎಳೆ ಬಿಡಿಸಿ ಗಾಯಕ್ಕೆ ತುಂಬುವ ಅರಳೆಯಂಥದ್ದನ್ನು ತಯಾರಿಸುತ್ತಿದ್ದರು. ಕತ್ತಿಯ ಕೆಲಸ ಇಪ್ಪತ್ತು ನಿಮಿಷದ್ದು, ಆ ರಾಶಿಯ ಕೆಲಸ ವಾರಗಳದ್ದು. ತಿಂಗಳುಗಟ್ಟಲೆ ಈ ವಿಷಯ ಮಾತಾಡಲಾಗದ ಬರ್ನಿ ಆಮೇಲೆ 28 ವರ್ಷ ಬದುಕಿ 1840ರಲ್ಲಿ ತೀರಿಕೊಂಡಳು. ಗಾಯ ಕೊಳೆಯದೆ ಮಾಗಿದ್ದು ಅವಳ ಪುಣ್ಯ. ಯಾಕೆಂದರೆ ಆಗ ಗಾಯವೆಂದರೆ ಕೀವು ಬರಲೇಬೇಕು, ಬಂದರೆ ಒಳ್ಳೆಯದು ಎಂಬ ನಂಬಿಕೆಯಿತ್ತು.

ಈ ನಂಬಿಕೆಯನ್ನು ಮುರಿದ ಜೋಸೆಫ್ ಲಿಸ್ಟರ್‌ನ ಕಥೆಯಲ್ಲೂ ಒಬ್ಬ ಅಕ್ಕ ಬರುತ್ತಾಳೆ. 1867ರಲ್ಲಿ, ಕಾರ್ಬಾಲಿಕ್ ಆಮ್ಲದ ಬಗ್ಗೆ ಅವನ ಲೇಖನಗಳು ಪ್ರಕಟವಾಗುತ್ತಿದ್ದ ದಿನಗಳಲ್ಲೇ, ಅವನ ಅಕ್ಕ ಇಸಬೆಲ್ಲಾ ಪಿಮ್‌ಗೆ ಸ್ತನದಲ್ಲಿ ಗಡ್ಡೆ ಕಾಣಿಸಿತು. ಎಡಿನ್‌ಬರೋದಲ್ಲಿದ್ದ ತನ್ನ ಮಾವ, ಸರ್ಜನ್ ಸೈಮ್‌ನ ಸಲಹೆ ಕೇಳಿ ಬಂದು, ಗ್ಲಾಸ್ಗೋದ ತನ್ನ ಮನೆಯ ಊಟದ ಮೇಜಿನ ಮೇಲೆ ಲಿಸ್ಟರ್ ತಾನೇ ಶಸ್ತ್ರಚಿಕಿತ್ಸೆ ಮಾಡಿದ. ಕ್ಲೋರೋಫಾರ್ಮ್ ಇದ್ದುದರಿಂದ ಅವಳಿಗೆ ಬರ್ನಿಯ ನೋವಿರಲಿಲ್ಲ. ಕಾರ್ಬಾಲಿಕ್ಕಿನಲ್ಲಿ ಅದ್ದಿದ ಬಟ್ಟೆಯ ಕೆಳಗೆ ಗಾಯ ಕೀವಾಗದೆ ಮಾಗಿತು. ಮೂರು ವರ್ಷದ ನಂತರ ಇಸಬೆಲ್ಲಾ ತೀರಿಕೊಂಡದ್ದು ಬೇರೆಡೆಗೆ ಹರಡಿದ ಕ್ಯಾನ್ಸರಿನಿಂದ, ಗಾಯದಿಂದಲ್ಲ. ಗಾಯ ಗೆಲ್ಲುವುದೂ ರೋಗ ಗೆಲ್ಲುವುದೂ ಒಂದೇ ಅಲ್ಲವೆಂಬುದು ಆ ಮನೆಯಲ್ಲೇ ತಿಳಿದುಹೋಗಿತ್ತು.

ಗಾಯ ಕೊಳೆಯುವ ಭಯ ಕಡಿಮೆಯಾದಂತೆ ಕತ್ತಿಗೆ ಧೈರ್ಯ ಬಂತು. ಅಮೆರಿಕದ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸ್ತನದ ಜೊತೆ ಎದೆಯ ಸ್ನಾಯುಗಳು, ಕಂಕುಳಿನ ಗಂಟುಗಳು ಎಲ್ಲವೂ ಹೋಗುತ್ತಿದ್ದವು. ಮುಚ್ಚಲು ಚರ್ಮ ಸಾಲದೆ ಬೇರೆಡೆಯ ಚರ್ಮ ತಂದು ಹಾಕಬೇಕಾಗುತ್ತಿತ್ತು. ಶಸ್ತ್ರಕ್ರಿಯಾ ಕೋಣೆಗೆ ರಬ್ಬರ್ ಕೈಗವಸು ತಂದವನೂ ಇವನೇ. ಸೋಂಕುನಾಶಕ ದ್ರಾವಣಕ್ಕೆ ಕೈಚರ್ಮ ಕಿತ್ತುಹೋದ ನರ್ಸ್ ಕ್ಯಾರೊಲೀನ್ ಹ್ಯಾಂಪ್ಟನ್‌ಗಾಗಿ ಮಾಡಿಸಿದ ಗವಸು ಅದು. ಆಮೇಲೆ ಅವಳನ್ನೇ ಮದುವೆಯಾದ. ಕೈಗವಸಿನ ಪ್ರೇಮಕಥೆಯನ್ನು ಎಲ್ಲರೂ ಹೇಳುತ್ತಾರೆ, ಊದಿದ ತೋಳುಗಳ ಕಥೆಯನ್ನು ಕಡಿಮೆ. ಗಂಟುಗಳು ಹೋದ ಕಂಕುಳಿನಲ್ಲಿ ದುಗ್ಧರಸಕ್ಕೆ ದಾರಿ ತಪ್ಪಿ ತೋಳು ಊದುತ್ತಿತ್ತು. 1921ರಲ್ಲಿ ಹಾಲ್‌ಸ್ಟೆಡ್ ಸ್ವತಃ ಇದಕ್ಕೆ ಆನೆಕಾಲು ರೋಗದ ಹೆಸರನ್ನೇ ಜೋಡಿಸಿ ಬರೆದ. 1970ರ ದಶಕದಿಂದ ಅಮೆರಿಕದ ಬರ್ನಾರ್ಡ್ ಫಿಶರ್, ಇಟಲಿಯ ವೆರೊನೇಸಿ ಮುಂತಾದವರು ಸಾವಿರಾರು ಹೆಂಗಸರ ಮೇಲೆ ನಡೆಸಿದ ಹೋಲಿಕೆಗಳು ಅಷ್ಟೆಲ್ಲ ಕೊಯ್ಯಬೇಕಿಲ್ಲವೆಂದು ತೋರಿಸುವ ತನಕ ಆ ತೋಳುಗಳು ಊದುತ್ತಲೇ ಇದ್ದವು.

ಈ ನಡುವೆ ಎರಡು ಸಣ್ಣ ಸಂಗತಿಗಳು ನಡೆದವು. ಸ್ತನ ತೆಗೆದ ಮೇಲೆ ಚರ್ಮದ ಕೆಳಗೆ ಉಳಿಯುವ ಖಾಲಿ ಜಾಗದಲ್ಲಿ ನೀರು ತುಂಬಿಕೊಳ್ಳುತ್ತದೆ. ಚರ್ಮ ಅಂಟಿಕೊಳ್ಳದೆ ಗಾಯ ಮಾಗುವುದಿಲ್ಲ. 1954ರಲ್ಲಿ ಫ್ರಾನ್ಸಿನ ರೆಡಾನ್ ಎಂಬ ವೈದ್ಯ, ಗಾಳಿ ತೆಗೆದ ಮುಚ್ಚಿದ ಬಾಟಲಿಗೆ ತೂತುಗಳಿರುವ ನಳಿಗೆಯೊಂದನ್ನು ಜೋಡಿಸಿ ಆ ನೀರು ತಾನಾಗಿ ಹೊರಗೆ ಎಳೆಯಲ್ಪಡುವ ಉಪಾಯವನ್ನು ಪ್ರಚಾರಕ್ಕೆ ತಂದ. ಇಂದು ನಮ್ಮ ಆಸ್ಪತ್ರೆಗಳಲ್ಲಿ ಹೆಂಗಸರು ‘ಡ್ರೇನ್’ ಎಂದು ಕರೆಯುವುದು ಅದರ ವಂಶದ್ದೇ. ಇನ್ನೊಂದು, 1952ರಲ್ಲಿ ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಮಾಡಿದ್ದು. ತನ್ನ ಸ್ತನ ತೆಗೆದ ಮೇಲೆ ಕೈ ಹೇಗೆ ಎತ್ತಬೇಕು, ಒಳಗೆ ಏನು ತೊಡಬೇಕು ಎಂದು ಯಾರೂ ಹೇಳದಿದ್ದಾಗ ಅವಳೇ ಕಲಿತು, ರಬ್ಬರ್ ಚೆಂಡು ಮತ್ತು ಹಗ್ಗ ಹಿಡಿದು ಬೇರೆ ರೋಗಿಗಳ ಹಾಸಿಗೆಯ ಬಳಿಗೆ ಹೋದಳು. ವೈದ್ಯಳಲ್ಲದ ಹೆಂಗಸಿನ ಈ ಓಡಾಟವನ್ನು ಆರಂಭದಲ್ಲಿ ಎಷ್ಟೋ ವೈದ್ಯರು ಸಹಿಸಲಿಲ್ಲ. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೇ ಆ ಕೆಲಸವನ್ನು ತನ್ನದಾಗಿಸಿಕೊಂಡಿತು.

ನಮ್ಮಲ್ಲಿ 1941ರಲ್ಲಿ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ, 1973ರಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಬಂದವು. ಸ್ವಾತಂತ್ರ್ಯ ಹೋರಾಟಗಾರರೂ ನೆಹರೂ ಸಂಪುಟದ ಸಚಿವರೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರು ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಕ್ಯಾನ್ಸರಿಗೆ ಪರ್ಯಾಯ ಪದವೇ ಆಗಿಬಿಟ್ಟಿದೆ. ‘ಕಿದ್ವಾಯಿಗೆ ಬರೆದುಕೊಟ್ಟಿದ್ದಾರೆ’ ಎಂದರೆ ಮುಂದೇನೂ ಹೇಳಬೇಕಿಲ್ಲ. ಆದರೆ ಆಸ್ಪತ್ರೆಯಿಂದ ಹೊರಟ ಮೇಲಿನ ಗಾಯ ಬರುವುದು ಮನೆಗೇ. ಹೆಂಗಸರು ಡ್ರೇನಿನ ಬಾಟಲಿಯನ್ನು ಬಟ್ಟೆಚೀಲದಲ್ಲಿಟ್ಟು ಬುರ್ಖಾದ ಅಥವಾ ಸೆರಗಿನ ಒಳಗೆ ಇಳಿಬಿಟ್ಟುಕೊಂಡು ಬಸ್ಸು ಹತ್ತುತ್ತಾರೆ. ದಿನದಿನದ ನೀರು ಎಷ್ಟು ಮಿಲಿಲೀಟರ್ ಎಂದು ಶಾಲೆಗೆ ಹೋಗುವ ಮಗಳು ನೋಟ್‌ಬುಕ್ಕಿನಲ್ಲಿ ಗುರುತಿಡುತ್ತಾಳೆ. ಕೆಂಪು ತಿಳಿಯಾಗುತ್ತ ಹಳದಿಗೆ ತಿರುಗಿ, ದಿನಕ್ಕೆ ಸುಮಾರು 30 ಮಿಲಿಲೀಟರಿಗಿಂತ ಕಡಿಮೆಯಾದಾಗ ಸಾಮಾನ್ಯವಾಗಿ ನಳಿಗೆ ತೆಗೆಯುತ್ತಾರೆ. ಜ್ವರ, ದುರ್ವಾಸನೆ, ಹೆಚ್ಚುವ ಕೆಂಪು ಮತ್ತು ಬಾವು ಕಂಡರೆ ಕಾಯದೆ ವೈದ್ಯರ ಬಳಿಗೆ ಓಡಬೇಕು. ನಾಚಿಕೆಯಿಂದ ಗಾಯವನ್ನು ಯಾರಿಗೂ ತೋರಿಸದೆ ಎರಡು ದಿನ ತಡಮಾಡುವುದು ನಮ್ಮ ಮನೆಗಳಲ್ಲಿ ಇಂದಿಗೂ ಇದೆ.

ಇನ್ನೊಂದು ತೊಡಕು ನಮಾಝಿನದು. ಮೈಯಿಂದ ರಕ್ತಮಿಶ್ರಿತ ನೀರು ಹರಿಯುತ್ತಿರುವಾಗ ತಾನು ಅಶುದ್ಧಳೆಂದು ಭಾವಿಸಿ ಎಷ್ಟೋ ಜನ ನಮಾಝನ್ನೇ ಬಿಟ್ಟುಬಿಡುತ್ತಾರೆ. ಬಿಟ್ಟವರಿಗೆ ಬಾಟಲಿಗಿಂತ ಆ ಬಿಟ್ಟದ್ದೇ ಹೆಚ್ಚು ಭಾರ. ಫಿಕ್ಹ್ ಗ್ರಂಥಗಳಲ್ಲಿ ಇದಕ್ಕೆ ಶತಮಾನಗಳಿಂದ ಜಾಗವಿದೆ. ಪಟ್ಟಿ ಕಟ್ಟಿದ ಅಂಗದ ಮೇಲೆ ಒದ್ದೆ ಕೈ ಸವರುವುದರ ಬಗ್ಗೆ, ನಿಲ್ಲದೆ ಹರಿಯುವ ಗಾಯದವರ ಬಗ್ಗೆ ಬೇರೆ ಬೇರೆ ಅಧ್ಯಾಯಗಳೇ ಇವೆ. ಹನಫಿಗಳು ಇಂಥವರನ್ನು ‘ಮಅಝೂರ್’ ಎಂದು ಕರೆದು, ಪ್ರತಿ ನಮಾಝಿನ ಸಮಯಕ್ಕೊಮ್ಮೆ ವುಝೂ ಸಾಕೆಂದರು. ನಮ್ಮ ಕರಾವಳಿಯ ಹೆಚ್ಚಿನವರು ಅನುಸರಿಸುವ ಶಾಫಿಈ ಮತದಲ್ಲಂತೂ ಗಾಯದ ರಕ್ತದಿಂದ ವುಝೂ ಮುರಿಯುವುದೇ ಇಲ್ಲ. ಚಿಕಿತ್ಸೆಗೆ ಅಗತ್ಯವಾದಷ್ಟು ಮೈ ತೋರಿಸಲೂ ಅದೇ ಗ್ರಂಥಗಳು ಅನುಮತಿ ಕೊಟ್ಟಿವೆ. ಝಹ್ರಾವಿ ಗಾಯಕ್ಕೆ ಮದ್ದು ಬರೆಯುತ್ತಿದ್ದ ಕಾಲದಲ್ಲೇ ಫಕೀಹರು ಪಟ್ಟಿಯ ಬಗ್ಗೆ ಬರೆಯುತ್ತಿದ್ದರು. ಶುಕ್ರವಾರದ ಭಾಷಣಗಳಲ್ಲಿ ಝಹ್ರಾವಿಯ ಉಪಕರಣಗಳು ಬರುತ್ತವೆ. ಈ ಅಧ್ಯಾಯ ಬಂದದ್ದನ್ನು ನಾನಿನ್ನೂ ಕೇಳಿಲ್ಲ. ಹೇಳುವವರು ಗಂಡಸರು, ಕೇಳಬೇಕಾದವರು ಮನೆಯಲ್ಲಿ, ತಕ್ಬೀರಿಗೆ ಕೈ ಭುಜದ ತನಕ ಏರುತ್ತದೆಯೇ ಎಂದು ನೋಡಿಕೊಳ್ಳುತ್ತ ಕೂತಿರುತ್ತಾರೆ.